ಗ್ಯಾರೇಜ್ ಬಾಗಿಲು ಎತ್ತೋದು ಮೋಟರ್ ಅಲ್ಲ, ಸ್ಪ್ರಿಂಗ್!

ಹಾಲಿವುಡ್ ಸಿನಿಮಾಗಳಲ್ಲಿ ನೋಡಿರ್ತೀರಿ. ಕಾರು ಮನೆ ಹತ್ತಿರ ಬರುತ್ತೆ, ಒಳಗೆ ಕೂತವರು ಬಟನ್ ಒತ್ತುತ್ತಾರೆ, ಗ್ಯಾರೇಜ್ ಬಾಗಿಲು ತಾನಾಗೇ ಮೇಲೇಳುತ್ತೆ. ಎತ್ತಿದ್ದು ಯಾರು ಅಂತ ಕೇಳಿದ್ರೆ ಎಲ್ಲರೂ ಮೋಟರ್ ಅಂತಾರೆ. ಆದರೆ ಮೋಟರ್ ಬಂದಿದ್ದು ಆಮೇಲೆ. ಅದಕ್ಕೂ ಮೊದಲೇ ಅಲ್ಲಿದ್ದ ಸ್ಪ್ರಿಂಗಿನ ಕಥೆಯನ್ನ ಇವತ್ತು ಹೇಳ್ತೀನಿ.

ಹಿಂದೆ ಅಮೆರಿಕದ ಗ್ಯಾರೇಜ್‌ಗಳಿಗೆ ಕುದುರೆಗಾಡಿ ಕೊಟ್ಟಿಗೆಯಂತೆ ಎರಡು ಕದ ಇರ್ತಿದ್ವು. ಹೊರಗೆ ಹಿಮ ಬಿದ್ದಿದ್ರೆ ತೆರೆಯೋದೇ ಕಷ್ಟ. 1921ರಲ್ಲಿ ಸಿ. ಜಿ. ಜಾನ್ಸನ್ ಎಂಬಾತ ಮೇಲಕ್ಕೆ ಸರಿಯುವ ಬಾಗಿಲು ರೂಪಿಸಿದ. ಅದಕ್ಕೆ ವಿದ್ಯುತ್ ಓಪನರ್ ಮಾಡಿದ್ದು 1926ರಲ್ಲಿ.

ಇಂಥ ಬಾಗಿಲು ನೂರು ಕಿಲೋ ತೂಗಿದ್ರೂ ಕೈಯಿಂದಲೇ ಎತ್ತಬಹುದು. ಹೇಗೆ? ಬಾಗಿಲು ಇಳಿಯುವಾಗ ಅದರ ತೂಕವೇ ಸ್ಪ್ರಿಂಗನ್ನು ತಿರುಚುತ್ತೆ ಅಥವಾ ಎಳೆಯುತ್ತೆ. ಏರುವಾಗ ಸ್ಪ್ರಿಂಗ್ ಆ ಶಕ್ತಿಯನ್ನ ವಾಪಸ್ ಕೊಡುತ್ತೆ. ನಮ್ಮೂರ ಅಂಗಡಿಯ ಶಟರ್ ಸಲೀಸಾಗಿ ಮೇಲೆ ಹೋಗೋದೂ ಹೀಗೇ, ಮೇಲಿನ ಉರುಳೆಯೊಳಗೆ ಸ್ಪ್ರಿಂಗ್ ಇರುತ್ತೆ.

ಎರಡನೇ ಮಹಾಯುದ್ಧದ ನಂತರ ಓಪನರ್ ಜನಪ್ರಿಯವಾಯ್ತು. ಎಷ್ಟೋ ಮನೆಗಳಲ್ಲಿ ಬಾಗಿಲು, ಸ್ಪ್ರಿಂಗ್ ಎರಡೂ ಹಳೆಯವು, ಮೋಟರ್ ಮಾತ್ರ ಹೊಸದು. ತೂಕ ಹೊರೋಕೆ ಸ್ಪ್ರಿಂಗ್ ಇದ್ದಿದ್ದರಿಂದ ಅರ್ಧ ಹಾರ್ಸ್‌ಪವರ್ ಮೋಟರ್ ಸಾಕಾಗ್ತಿತ್ತು.

ಅಪಾಯ ಇರೋದೂ ಇಲ್ಲೇ. ಸ್ಪ್ರಿಂಗ್ ಸೋತಿದ್ರೆ ಕೈಗೆ ತಕ್ಷಣ ಗೊತ್ತಾಗುತ್ತೆ, ಬಟನ್ ಒತ್ತುವವರಿಗೆ ಗೊತ್ತಾಗಲ್ಲ. ಬಾಗಿಲು ಏಳ್ತಿಲ್ಲ ಅಂತ ಮೋಟರಿನ ಬಲ ಹೆಚ್ಚಿಸಿದ್ರೆ ಸಮಸ್ಯೆ ಮುಚ್ಚಿಹೋಗುತ್ತೆ, ಅಷ್ಟೆ. ಇಳಿಯುವಾಗಲೂ ಬಲ ಹೆಚ್ಚಿಟ್ಟಿದ್ರೆ, ಅಡ್ಡ ಸಿಕ್ಕಿದ್ದನ್ನ ಬಾಗಿಲು ಒತ್ತುತ್ತಲೇ ಹೋಗುತ್ತೆ. 1980ರ ದಶಕದಲ್ಲಿ, ಏನಾದ್ರೂ ಅಡ್ಡ ಬಂದ್ರೂ ಹಿಂದಿರುಗದ ಇಂಥ ಸ್ವಯಂಚಾಲಿತ ಬಾಗಿಲುಗಳಡಿ ಸಿಕ್ಕಿ ಅಮೆರಿಕದಲ್ಲಿ ಹತ್ತಾರು ಮಕ್ಕಳು ಸತ್ತರು.

1990ರಲ್ಲಿ ಅಲ್ಲಿನ ಸಂಸತ್ತು ಕಾನೂನು ತಂತು. 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಓಪನರ್‌ಗಳಿಗೆ, ಯಾರೂ ಸಿಕ್ಕಿಹಾಕಿಕೊಳ್ಳದಂತೆ ತಡೆಯುವ ವ್ಯವಸ್ಥೆ ಕಡ್ಡಾಯವಾಯ್ತು. ಇವತ್ತು ಬಾಗಿಲಿನ ಎರಡೂ ಬದಿ, ನೆಲದ ಹತ್ತಿರ ಕಾಣೋ ಪುಟ್ಟ ಬೆಳಕಿನ ಸೆನ್ಸರ್‌ಗಳು ಅದರ ಫಲ.

ಸೆನ್ಸರ್ ಬಂತು ಅಂತ ಸ್ಪ್ರಿಂಗ್ ಸವೆಯೋದು ನಿಲ್ಲಲ್ಲ. ಸಾಮಾನ್ಯ ಸ್ಪ್ರಿಂಗಿನ ಆಯಸ್ಸು ಸುಮಾರು 10,000 ಸಲ ತೆರೆದು ಮುಚ್ಚುವಷ್ಟು. ದಿನಕ್ಕೆ ನಾಲ್ಕು ಸಲ ಅಂದ್ರೆ ಏಳು ವರ್ಷವೂ ತುಂಬಲ್ಲ. ಅದಕ್ಕೇ ಹಳೇ ಬಾಗಿಲಿಗೆ ಹೊಸ ಓಪನರ್ ಹಾಕಿಸೋರು ಮೊದಲು ಒಂದು ಪರೀಕ್ಷೆ ಮಾಡ್ಬೇಕು. ಮೋಟರಿನ ಸಹಾಯವಿಲ್ಲದೆ ಬಾಗಿಲನ್ನ ಕೈಯಿಂದ ಅರ್ಧಕ್ಕೆ ಎತ್ತಿ, ಹಿಡಿತ ನಿಧಾನಕ್ಕೆ ಸಡಿಲಿಸಿ. ಅಲ್ಲೇ ನಿಂತರೆ ಸ್ಪ್ರಿಂಗ್ ಸರಿಯಿದೆ. ಕೆಳಗೆ ಜಾರಿದ್ರೆ ಅಥವಾ ಮೇಲಕ್ಕೆ ಚಿಮ್ಮಿದ್ರೆ, ತರಬೇತಿ ಇರೋ ಮೆಕ್ಯಾನಿಕ್‌ನ ಕರೆಸಿ. ಬಿಗಿದ ಸ್ಪ್ರಿಂಗ್ ಬಿಚ್ಚೋಕೆ ಹೋಗಿ ಜನ ಕೈ ಮುರ್ಕೊಂಡಿದ್ದಾರೆ, ನೀವು ಮುಟ್ಟಬೇಡಿ.

ಅಮೆರಿಕದಲ್ಲಿ ನಿಮ್ಮ ಅಕ್ಕನೋ ಗೆಳೆಯನೋ ಇದ್ರೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.