ಹುಡೇವು: ಊರ ಕಾವಲಿನ ವಾಸ್ತು

ಕೋಟೆಗಳ ಚರಿತ್ರೆಯನ್ನು ಅರಸುಮನೆತನಗಳ ಹೆಸರಿನಲ್ಲಿ ಬರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ಪರಿಸರಕ್ಕೆ ಈ ಕ್ರಮವನ್ನು ಅನ್ವಯಿಸಿದಾಗ ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳ ಪಾಳೆಯಗಾರರ ನೆಲೆಗಳು ಮುನ್ನೆಲೆಗೆ ಬರುತ್ತವೆ. ಹಳ್ಳಿಯಲ್ಲಿ ಒಂಟಿಯಾಗಿ ನಿಂತಿರುವ ಕಾವಲು ಗೋಪುರ, ಅಂದರೆ ಹುಡೇವು, ಅಡಿಟಿಪ್ಪಣಿಗೂ ಏರುವುದಿಲ್ಲ. ಅದು ಅರಸರದಲ್ಲ, ಊರಿನದು ಎಂಬುದೇ ಈ ಉಪೇಕ್ಷೆಗೆ ಕಾರಣವೆಂದು ತೋರುತ್ತದೆ.

ಕೊತ್ತಳವು ಕೋಟೆಗೋಡೆಯ ಅಂಗ. ಹುಡೇವು ಗೋಡೆಯ ಹಂಗಿಲ್ಲದೆಯೂ ನಿಲ್ಲಬಲ್ಲದು. ಸಾಮಾನ್ಯವಾಗಿ ಅದರ ತಳ ದುಂಡು, ಮೇಲೇರಿದಂತೆ ಮೈ ಕಿರಿದು. ಸುತ್ತಲಿನ ಕಾಡುಗಲ್ಲು ಮತ್ತು ಕೆಸರುಮಣ್ಣೇ ಸಾಮಗ್ರಿ. ಕೆಳಭಾಗವನ್ನು ಕಲ್ಲುಮಣ್ಣು ತುಂಬಿ ಗಟ್ಟಿಗೊಳಿಸಿ, ಬಾಗಿಲನ್ನು ಆಳೆತ್ತರಕ್ಕೂ ಮೇಲೆ ಇರಿಸಲಾಗುತ್ತಿತ್ತು. ನಿಚ್ಚಣಿಕೆಯಿಂದ ಹತ್ತಿ, ಅದನ್ನು ಮೇಲಕ್ಕೆಳೆದುಕೊಂಡರೆ ಕೆಳಗಿನವರಿಗೆ ದಾರಿಯಿಲ್ಲ. ಮೇಲೆ ಬಂದೂಕಿನ ಕಿಂಡಿಗಳು, ನಾಲ್ಕು ದಿಕ್ಕು ಕಾಣುವ ಅಟ್ಟ. ಇಲ್ಲಿ ವಾಸಕ್ಕೆ ಎಡೆಯಿಲ್ಲ, ವೈಭವಕ್ಕೆ ಮೊದಲೇ ಇಲ್ಲ. ದಂಡು ಕಂಡೊಡನೆ ಊರನ್ನು ಎಚ್ಚರಿಸಿ, ನೆರವು ಬರುವವರೆಗೆ ತಡೆದು ನಿಲ್ಲುವುದಷ್ಟೇ ಇದರ ಕೆಲಸ. ಹುಲ್ಲುಮಾಡು, ಬಣವೆಗಳ ಊರಿಗೆ ಲೂಟಿಯಷ್ಟೇ ಬೆಂಕಿಯೂ ಶತ್ರುವೆಂಬುದನ್ನು ಮರೆಯಬಾರದು.

ಬಳ್ಳಾರಿ ಸೀಮೆಯನ್ನು ನಿಜಾಮನು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋಗೆ ಆ ಜಿಲ್ಲೆಗಳಾದ್ಯಂತ ಎದುರಾದವರು 80 ಪಾಳೆಯಗಾರರು, ಅವರ ಸುಮಾರು 30,000 ಶಸ್ತ್ರಧಾರಿಗಳು. ಪಿಂಡಾರಿಗಳ ಭಯವಂತೂ ಮುಂದಿನ ಶತಮಾನದ ಎರಡನೆಯ ದಶಕದವರೆಗೂ ಉಳಿಯಿತು. ಇಂತಹ ಕಾಲದಲ್ಲಿ ಊರು ತನ್ನ ರಕ್ಷಣೆಗೆ ತಾನೇ ಕಲ್ಲು ಹೊತ್ತಿರುವುದು ಸಹಜ. ಪಾಳೆಯಗಾರರ ಬಲ ಮುರಿದು, 1816ರ ಮದರಾಸು ಹನ್ನೊಂದನೆಯ ರೆಗ್ಯುಲೇಷನ್ ಗ್ರಾಮ ಕಾವಲನ್ನು ಊರ ಮುಖ್ಯಸ್ಥ ಹಾಗೂ ತಳವಾರರಿಗೆ ಕಾನೂನಿನ ಮೂಲಕ ವಹಿಸಿದ ಮೇಲೆ ಹುಡೇವಿನ ಅಗತ್ಯ ಕುಗ್ಗುತ್ತ ಹೋಯಿತು. ಅಗ್ನಿಶಾಮಕ ದಳಕ್ಕೆ ಪ್ರತ್ಯೇಕ ಅಧಿನಿಯಮ ಬಂದುದು 1964ರಲ್ಲಿ; ಒಂದೇ ಅಟ್ಟದ ಮೇಲಿದ್ದ ಎಚ್ಚರ ಹೀಗೆ ಹಲವು ಇಲಾಖೆಗಳಿಗೆ ಹಂಚಿಹೋಯಿತು.

ಶಾಸನವಿಲ್ಲದ ಈ ಕಟ್ಟಡಕ್ಕೆ ಭಾಷೆಯೇ ದಾಖಲೆ. ‘ಹುಡೇದ’ ಎಂಬ ಮನೆತನದ ಹೆಸರು ಉತ್ತರ ಕರ್ನಾಟಕದಲ್ಲಿ ಇಂದಿಗೂ ಇದೆ. ಕೂಡ್ಲಿಗಿ ತಾಲ್ಲೂಕಿನ ಹುಡೇಂ ಗ್ರಾಮನಾಮವನ್ನೂ ಈ ಪದದೊಂದಿಗೆ ಇಟ್ಟು ನೋಡಬೇಕೆಂಬುದು ನನ್ನ ಅಭಿಪ್ರಾಯ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಅಧಿನಿಯಮವು ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳನ್ನು ಮಾತ್ರ ಕಾಯುತ್ತದೆ. ಘೋಷಣೆಯಾಗದ ಹುಡೇವಿನ ಕಲ್ಲು ಮನೆಯ ಬುನಾದಿಗೆ ಸೇರಿದರೆ ಆ ಅಧಿನಿಯಮದಡಿ ಕೇಳುವವರಿಲ್ಲ. ಆದುದರಿಂದ ಅಳತೆ, ನಕ್ಷೆಗಳೊಡನೆ, ಯಾವ ಮನೆತನದವರು ಅಟ್ಟ ಹತ್ತುತ್ತಿದ್ದರೆಂಬ ಹಿರಿಯರ ನೆನಪುಗಳನ್ನೂ ಊರೂರಿನಲ್ಲಿ ದಾಖಲಿಸುವ ಕ್ಷೇತ್ರಕಾರ್ಯ ತುರ್ತಾಗಿ ನಡೆಯಬೇಕಾಗಿದೆ.