ಕಂಕುಳು ತಡವಿದರು, ಚೀಲ ಬಿಟ್ಟರು

ಸೂಕ್ಷ್ಮಜೀವಿಗಳ ಚರಿತ್ರೆಯನ್ನು ನಾವು ಮಸೂರದ ಚರಿತ್ರೆಯೆಂದೇ ಓದುತ್ತ ಬಂದಿದ್ದೇವೆ. 1670ರ ದಶಕದಲ್ಲಿ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಉಜ್ಜಿದ ಗಾಜಿನಲ್ಲಿ ನೀರಹನಿಯ ಜೀವಿಗಳನ್ನು ಕಂಡ; ಹುಳಿಯುವುದರ ಹಿಂದೆ ಜೀವಿಗಳಿವೆಯೆಂದು ಪಾಶ್ಚರ್ ತೋರಿಸಿದ; 1882ರಲ್ಲಿ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು, 1894ರ ಜೂನ್‌ನಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಪ್ಲೇಗಿನ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಕಂಡಿತು ಎಂದರೆ ಗೆದ್ದಂತೆ ಎಂಬ ಧಾಟಿ ಈ ಕಥೆಯದು. ಹರಿಹರ–ದಾವಣಗೆರೆಯ ರೈಲುಹಳಿಯ ಮೇಲೆ ನಿಂತು ನೋಡಿದರೆ ಈ ಧಾಟಿ ನಿಲ್ಲುವುದಿಲ್ಲ. ರೋಗಾಣುವಿನ ಗುರುತು ಸಿಕ್ಕ ಮೇಲೂ ಅದು ನಡೆಯುವ ದಾರಿ ಹಲವು ವರ್ಷ ಖಚಿತವಾಗಿರಲಿಲ್ಲ. ಪ್ಲೇಗು ನುಗ್ಗಿದ್ದು ಆ ನಡುವಣ ವರ್ಷಗಳಲ್ಲಿ.

ತುಂಗಭದ್ರೆಯ ದಂಡೆಯ ಹರಿಹರ ಆಗ ಮೈಸೂರು ಸಂಸ್ಥಾನದ ಗಡಿ. ಆಚೆ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. 1889ರ ಹೊತ್ತಿಗೆ ಬೆಂಗಳೂರಿನ ಕಡೆಯಿಂದ ಹಳಿ ಇಲ್ಲಿಗೆ ಮುಟ್ಟಿತ್ತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ನೇರ ಗಾಡಿ ಹೊಳೆ ದಾಟಿ ಹರಿಹರ, ದಾವಣಗೆರೆಗಳ ಮೇಲೆಯೇ ಹಾಯಬೇಕು. ದಾವಣಗೆರೆ ಸಾಮಾನ್ಯ ಊರಲ್ಲ. ಹೈದರಾಲಿ ಇದನ್ನು ಆಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟಂದಿನಿಂದ ವ್ಯಾಪಾರಿಗಳು ಬೇರೂರಿದ ಪೇಟೆ. ಪೇಟೆಯೆಂದರೆ ಉಗ್ರಾಣ, ಉಗ್ರಾಣವೆಂದರೆ ಕಾಳು, ಕಾಳಿದ್ದಲ್ಲಿ ಇಲಿ. 1896ರಲ್ಲಿ ಮುಂಬಯಿಯಲ್ಲಿ ಎದ್ದ ಪ್ಲೇಗು ಹುಬ್ಬಳ್ಳಿಗೆ ಬಂತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೂ ತಲುಪಿತು. ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂತೆಂಬುದೇ ಅಂದಿನ ನಿರ್ಣಯ. ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ, ಕಂಕುಳು ತೊಡೆಸಂದುಗಳಲ್ಲಿ ಗಂಟು ಎದ್ದಿದೆಯೇ ಎಂದು ತಡವಿ ನೋಡುವುದು ಆ ಕಾಲದ ಕ್ರಮ. ಮೈ ನೋಡಿದರು. ಗೂಡ್ಸ್ ಡಬ್ಬಿಯ ಜೋಳದ ಚೀಲವನ್ನು ಹಾಗೆ ತಡವಿದವರು ಕಡಿಮೆ.

ವಿಪರ್ಯಾಸವೆಂದರೆ, ಅದೇ 1898ರ ಜೂನ್‌ನಲ್ಲಿ, ಬೆಂಗಳೂರಿಗೆ ರೋಗ ಬರುವ ಎರಡು ತಿಂಗಳ ಮುಂಚೆ, ಕರಾಚಿಯಲ್ಲಿ ಸೀಮೊಂಡ್ ಎಂಬ ಫ್ರೆಂಚ್ ವೈದ್ಯ ಇಲಿಯ ಮೈಯ ಚಿಗಟವೇ ಪ್ಲೇಗನ್ನು ಸಾಗಿಸುತ್ತದೆಂದು ಪ್ರಯೋಗದಿಂದ ತೋರಿಸಿದ್ದ. ಹೆಚ್ಚಿನವರು ನಂಬಲಿಲ್ಲ. ಒಂದು ಆಕ್ಷೇಪ ಬರಬಹುದು: ಬೆಂಗಳೂರಿಗೆ ರೋಗ ತಂದದ್ದು ಮನುಷ್ಯನೇ ಆದರೆ ಮನುಷ್ಯನನ್ನು ತಪಾಸಿಸಿದ್ದು ತಪ್ಪೇನು? ಪೂರ್ತಿ ತಪ್ಪಲ್ಲ. ಪುಪ್ಪುಸಕ್ಕೆ ಇಳಿದ ಪ್ಲೇಗು ಕೆಮ್ಮಿನಿಂದಲೇ ಹರಡುತ್ತದೆ. ಆದರೆ ಗಂಟಿನ ಪ್ಲೇಗು ಒಬ್ಬನಿಂದ ಇನ್ನೊಬ್ಬನಿಗೆ ನೇರವಾಗಿ ತಗಲುವುದು ಅಪರೂಪ. ಸೋಂಕಿದ ಚಿಗಟ ಹಾಸಿಗೆಯ ಗಂಟಿನಲ್ಲೋ ಚೀಲದ ಧೂಳಿನಲ್ಲೋ ಕೆಲವು ವಾರ ಬದುಕಬಲ್ಲದು. ಆಗ ಅಧಿಕಾರಿಗಳು ಬಟ್ಟೆಬರೆ ಕುದಿಸಿದ್ದು ಕೆಲಸಕ್ಕೆ ಬಂದಿದ್ದರೆ ಅದು ಕಾರಣ ತಿಳಿಯದೆ ಮಾಡಿದ ಒಳ್ಳೆಯ ಕೆಲಸ. ಪ್ಲೇಗಿಗೆಂದು ವಿಜ್ಞಾನಿ ಹಾಫ್‌ಕಿನ್ ಮಾಡಿದ ಲಸಿಕೆಯೂ ಹಾಗೆಯೇ. 1897ರ ಜನವರಿಯಲ್ಲಿ ಆತ ಅದನ್ನು ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಚುಚ್ಚಿಸಿಕೊಂಡರು. ರೋಗದ ದಾರಿ ತಿಳಿಯದೆಯೂ ಲಸಿಕೆ ಜೀವ ಉಳಿಸಿತು. ಇದನ್ನು ನನ್ನ ವಾದದ ವಿರುದ್ಧವೇ ಎಣಿಸಬೇಕು, ಎಣಿಸುತ್ತೇನೆ.

ಹಾಗಾದರೆ ವಿಜ್ಞಾನಿಗಳಿಗಿಂತ ಹಳ್ಳಿಗರೇ ಬಲ್ಲವರಾಗಿದ್ದರೇ? ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದನ್ನು ಜನ ಅರಿತಿದ್ದರು. ಅದನ್ನೇ ಹೋಲುವಂತೆ, ದಾವಣಗೆರೆ, ಚಿತ್ರದುರ್ಗದ ಕಡೆಯ ಹಳ್ಳಿಗಳಲ್ಲಿ ಒಂದು ದಿನ ಎಲ್ಲರೂ ಮನೆಗೆ ಬೀಗ ಹಾಕಿ ಊರಾಚೆ ಅಡುಗೆ ಮಾಡಿ ಉಣ್ಣುವ ‘ಹೊರಬೀಡು’ ಇಂದಿಗೂ ಇದೆ. ಊರು ಬಿಟ್ಟದ್ದು ನಿಜಕ್ಕೂ ಪ್ರಾಣ ಉಳಿಸಿದ ಉಪಾಯ. ಸರ್ಕಾರವೂ ಕಡೆಗೆ ಅದನ್ನೇ ಹಿಡಿಯಿತು. ಆದರೆ ಇದನ್ನು ಪೂರ್ವಿಕರ ಸೂಕ್ಷ್ಮಜೀವಿ ಶಾಸ್ತ್ರವೆಂದು ಕರೆಯಲು ನನಗೆ ಮನಸ್ಸಿಲ್ಲ. ಅವರು ಇಲಿ ಬಿದ್ದದ್ದನ್ನು ಕಂಡಿದ್ದರು, ಸಾವನ್ನು ಕಂಡಿದ್ದರು. ನಡುವಣ ಚಿಗಟವನ್ನಲ್ಲ, ಅಲ್ಲಿ ಮಾರಿಯನ್ನು ಕೂರಿಸಿದ್ದರು. ಅದಕ್ಕೇ ಊರು ಬಿಡುವಾಗ ಕಾಳಿನ ಚೀಲವನ್ನೂ ಹೊತ್ತು ನಡೆದರು. ನೆಂಟರ ಊರಿಗೆ ಹೋದವರ ಜೊತೆ ರೋಗವೂ ಹೋಯಿತು.

1905ರಿಂದ ಮುಂಬಯಿಯ ಪರೇಲಿನಲ್ಲಿ ಪ್ಲೇಗ್ ಆಯೋಗದವರು ರೋಗ ಬಂದ ಮನೆಗಳಲ್ಲಿ ಗಿನಿಯಿಲಿಗಳನ್ನು ಬಿಟ್ಟು, ಅವುಗಳ ಮೈಮೇಲೆ ಹತ್ತಿದ ಚಿಗಟಗಳನ್ನು ಎಣಿಸಿ, ಸೀಮೊಂಡನ ಮಾತನ್ನು ಒಪ್ಪಿದರು. ಅಷ್ಟರಲ್ಲಿ ಹರಿಹರದ ಸೇತುವೆಯ ಮೇಲೆ ಏಳು ಮುಂಗಾರಿನ ಜೋಳ ಸಾಗಿಹೋಗಿತ್ತು.