ಬಳ್ಳಾರಿ ಸೀಮೆಯ ಐಗಳ ಮಠ

ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಸರಕಾರದ ಶಾಲೆಗಳು ತಲೆಯೆತ್ತುವುದಕ್ಕೆ ಮುನ್ನ ಮಕ್ಕಳಿಗೆ ಅಕ್ಷರವನ್ನು ತಿದ್ದಿಸುತ್ತಿದ್ದವರು ಐಗಳು. ಗುಡಿಯ ಪೌಳಿ, ಮಠದ ಪಡಸಾಲೆ, ಅನುಕೂಲಸ್ಥರ ಮನೆಯ ಕಟ್ಟೆ, ಇವೇ ಅವರ ವಿದ್ಯಾಲಯಗಳು, ಎಂದರೆ ಕೂಲಿಮಠಗಳು. ಆ ಕೂಲಿಮಠಗಳ ಅತ್ಯಂತ ಸಜೀವವಾದ ವರ್ಣನೆ ನಮಗೆ ದೊರೆಯುವುದು, ಆಶ್ಚರ್ಯವೆಂಬಂತೆ, ಕಂದಾಯದ ಕಾಗದಪತ್ರಗಳ ನಡುವೆ. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ಲೆಕ್ಕವನ್ನು ಕೇಳಲು, ಬಹುಮಂದಿ ಕಲೆಕ್ಟರರು ಅಂಕಿಗಳ ಪಟ್ಟಿಯನ್ನು ಕಳುಹಿಸಿ ಸುಮ್ಮನಾದರು. ತೆಲುಗು ವ್ಯಾಕರಣವನ್ನು ರಚಿಸಿದ ಪಂಡಿತನೂ ಆಗಿದ್ದ ಬಳ್ಳಾರಿಯ ಎ. ಡಿ. ಕ್ಯಾಂಬೆಲ್ ಮಾತ್ರ 1823ರ ಆಗಸ್ಟಿನಲ್ಲಿ ಮಠದ ಒಳಗಿನ ದಿನಚರಿಯನ್ನೇ ಬರೆದು ಕಳುಹಿಸಿದನು. ಅವನ ಗಣನೆಯಂತೆ ಜಿಲ್ಲೆಯಲ್ಲಿದ್ದ ಶಾಲೆಗಳು 533, ವಿದ್ಯಾರ್ಥಿಗಳು 6,641. ಕನ್ನಡದ ಶಾಲೆಗಳು 235, ತೆಲುಗಿನವು 226.

ಈ ಅಂಕಿಗಳನ್ನು ಕುರಿತು ವಾದವಿವಾದ ಸಾಕಷ್ಟು ನಡೆದಿದೆ. ನನ್ನನ್ನು ಸೆಳೆದದ್ದು ಬೇರೊಂದು ಸಂಗತಿ. ಮಗುವಿಗೆ ಐದು ವರುಷವಾದೊಡನೆ ಅದನ್ನು ಕೈಹಿಡಿದು ಎಳೆದೊಯ್ದು ಮಠದಲ್ಲಿ ಕೂರಿಸುತ್ತಿರಲಿಲ್ಲ. ಐಗಳೇ ತಮ್ಮ ಶಿಷ್ಯವರ್ಗದೊಡನೆ ಮಗುವಿನ ಮನೆಗೆ ಬರುತ್ತಿದ್ದರು. ಗಣಪತಿಯ ಮೂರ್ತಿಯ ಸುತ್ತ ಎಲ್ಲರೂ ಕುಳಿತ ಮೇಲೆ ಗುರುವು ಮಗುವಿನ ಪಕ್ಕದಲ್ಲಿ ಕುಳಿತು, ಪ್ರಾರ್ಥನೆಯನ್ನು ಹೇಳಿಸಿ, ಅದರ ಬೆರಳನ್ನು ತನ್ನ ಕೈಯಲ್ಲಿ ಹಿಡಿದು ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಯಿಸುತ್ತಿದ್ದನು. ಮಠಕ್ಕೆ ಹೋಗುವುದು ಮರುದಿನದ ಬೆಳಗಿಗೆ. ತಾಯಿಯ ಕಣ್ಣೆದುರಿನಲ್ಲಿ, ತನ್ನ ಮನೆಯ ನೆಲದ ಮೇಲೆ ಗುರುವಿನ ಸ್ಪರ್ಶವನ್ನು ಅರಿತ ಮಗುವಿಗೆ ಮರುದಿನದ ಆ ಮುಖ ಪರಕೀಯವಾಗಿರಲಾರದು. ತಾಯಿಯಿಂದ ಅಗಲಿದ ಶಿಶುಗಳ ದುಃಖವನ್ನು ಕುರಿತು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯನ್ನು ಒಪ್ಪಿಸಿದ್ದು 1951ರಲ್ಲಿ. ನಮ್ಮ ಹಳ್ಳಿಗರು ಅಂಥ ಶಾಸ್ತ್ರವನ್ನೇನೂ ಬಲ್ಲವರಲ್ಲ, ಆದರೆ ಆ ಅಗಲಿಕೆಗೆ ಒಂದು ದಿನದ ಅವಧಿಯನ್ನು ಆಚಾರದ ರೂಪದಲ್ಲಿ ಕೊಟ್ಟಿದ್ದರು.

ಇಷ್ಟನ್ನು ಹೇಳಿ ಹಳೆಯ ಕಾಲವನ್ನು ಹೊಗಳಿ ಮುಗಿಸುವುದು ಸುಲಭ; ಕ್ಯಾಂಬೆಲ್ಲನ ವರದಿಯ ಮುಂದಿನ ಭಾಗವು ಅದಕ್ಕೆ ಎಡೆಗೊಡದು. ಬೆಳಗಿನ ಆರು ಗಂಟೆಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನಿಗೆ ಬರಿಯ ಸೊನ್ನೆ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಏರಿಕೆ. ಊರಾಚೆಯ ಹಟ್ಟಿಯಿಂದ ನಡೆದು ಬರುವವನು, ತಮ್ಮನನ್ನು ಸಂಬಾಳಿಸಿ ಹೊರಡುವವನು, ನಿತ್ಯವೂ ಎಷ್ಟನೆಯವನಾಗುತ್ತಿದ್ದನೆಂಬುದನ್ನು ಊಹಿಸಬಹುದು. ಸೋಮಾರಿಗೆ ಬಸ್ಕಿ, ಅದಕ್ಕೂ ಬಗ್ಗದವನಿಗೆ ಕೋದಂಡ, ಎಂದರೆ ಎರಡೂ ಕೈಗಳನ್ನು ಕಟ್ಟಿ ಮಾಡಿಗೆ ತೂಗುಹಾಕುವುದು. ಅಕ್ಕಿಯಲ್ಲಿ ಬೆರಳನ್ನು ನಡೆಯಿಸಿದ ಕೈಯೇ ಹಗ್ಗವನ್ನೂ ಎಳೆಯುತ್ತಿತ್ತು. ಇಂಥ ಭಯದಿಂದ ಬರುವ ಸೌಜನ್ಯವು ಗುರುವಿನ ಕಣ್ಣಳತೆಯನ್ನು ದಾಟಿ ಉಳಿಯುತ್ತಿತ್ತೆಂದು ನಾನು ನಂಬಲಾರೆ.

ಮಗುವನ್ನು ಮಠದಲ್ಲಿ ಉಳಿಸುತ್ತಿದ್ದವನು, ನನ್ನ ಎಣಿಕೆಯಲ್ಲಿ, ಐಗಳಿಗಿಂತ ಹಿರಿಯ ಹುಡುಗ. ಮಠವನ್ನು ತರಗತಿಗಳಾಗಿ ವಿಂಗಡಿಸಿ, ಕೆಳಗಿನವರನ್ನು ಮೇಲಿನವರ ವಶಕ್ಕೆ ಒಪ್ಪಿಸುತ್ತಿದ್ದರು. ಮರಳಿನಲ್ಲಿ ಕಾಗುಣಿತವನ್ನು ತಿದ್ದಿಸುವ, ಮಗ್ಗಿಯನ್ನು ಹೇಳಿಸುವ ಕೆಲಸವೆಲ್ಲ ಅವರದೇ. ಎಂಟು ಹತ್ತು ವರುಷದ ಅಣ್ಣನೊಬ್ಬನು ಪಕ್ಕದಲ್ಲಿರುವಾಗ ಅಳುವ ಮಗುವಿಗೆ ಆಸರೆ ದೊರೆಯುವುದು ಸಹಜ. ಮದರಾಸಿನ ಸೈನಿಕ ಅನಾಥಾಲಯವನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು, ಹುಡುಗರಿಂದಲೇ ಹುಡುಗರಿಗೆ ಪಾಠವನ್ನು ಹೇಳಿಸುವ ಕ್ರಮವನ್ನು ತನ್ನಲ್ಲಿ ನಡೆಸಿ, 1797ರಲ್ಲಿ ಪುಸ್ತಕವನ್ನು ಪ್ರಕಟಿಸಲು, ಇಂಗ್ಲೆಂಡಿನಲ್ಲಿ ಆ ಪದ್ಧತಿ ಬಲುಬೇಗನೆ ಹಬ್ಬಿತು. ಆದರೆ ಅಲ್ಲಿ ಅದನ್ನು ಮೆಚ್ಚಿದ್ದು ಖರ್ಚಿನ ಉಳಿತಾಯಕ್ಕಾಗಿ. ಕ್ಯಾಂಬೆಲ್ಲನ ಪ್ರಶಂಸೆಯಲ್ಲಿಯೂ ಮಿತವ್ಯಯಕ್ಕೇ ಅಗ್ರಸ್ಥಾನ.

ಬಳ್ಳಾರಿಯು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಛಡಿಯನ್ನು ಶಾಲೆಯಿಂದ ಹೊರಗಿಡಲು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮಿನವರೆಗೆ ಕಾಯಬೇಕಾಯಿತು. ಅದಕ್ಕಿಂತ ಮೊದಲೇ, 1975ರಲ್ಲಿ, ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ತೊಡಗಿದ ಅಂಗನವಾಡಿ ಕ್ರಮೇಣ ಈ ಸೀಮೆಯ ಊರುಗಳಿಗೂ ಬಂದಿತು. ಕ್ಯಾಂಬೆಲ್ಲನು ಎಣಿಸಿದ ಹಿಂದೂ ವಿದ್ಯಾರ್ಥಿಗಳಲ್ಲಿ ಹುಡುಗಿಯರು ಕೇವಲ 60. ಇಂದು ಅಂಗನವಾಡಿಯಲ್ಲಿ ಮೂರು ವರುಷದ ಮಗುವನ್ನು ಮೊದಲು ಕೂರಿಸಿಕೊಳ್ಳುವವಳು ಅದೇ ಊರಿನ ಹೆಣ್ಣುಮಗಳು, ಮಗುವಿನ ತಾಯಿಯನ್ನು ಹೆಸರು ಹಿಡಿದು ಕರೆಯುವಷ್ಟು ಬಳಕೆಯುಳ್ಳವಳು.